ರಾತ್ರಿ ಎಬ್ಬಿಸುವ ಕೈ, ಉರಿಯುವ ಅಂಗಾಲು

ಪ್ರಶ್ನೆ: ನನಗೆ 48 ವರ್ಷ. ಹಾವೇರಿ ಹತ್ತಿರದ ಹಳ್ಳಿಯವಳು, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಒಂದು ವರ್ಷದಿಂದ ಬಲಗೈ ಜೋಮು ಹಿಡಿಯುತ್ತಿದೆ. ರಾತ್ರಿ ಎರಡು ಮೂರು ಗಂಟೆಗೆ ಎಚ್ಚರವಾಗಿ ಕೈ ಝಾಡಿಸುತ್ತಾ ಕೂರುತ್ತೇನೆ. ಸೂಜಿ ಬೆರಳಿಂದ ಜಾರುತ್ತದೆ, ರೊಟ್ಟಿ ಬಡಿಯುವಾಗ ಕೈ ಸೋಲುತ್ತದೆ. ಆರು ತಿಂಗಳಿಂದ ಎರಡೂ ಅಂಗಾಲು ಉರಿಯುತ್ತವೆ, ಇರುವೆ ಹರಿದ ಹಾಗಾಗುತ್ತದೆ. ಸಕ್ಕರೆ ಕಾಯಿಲೆಗೆ ಏಳು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದೇನೆ. ನಾವು ಸಸ್ಯಾಹಾರಿಗಳು. ‘ನರದ ವೀಕ್‌ನೆಸ್’ ಅಂತ ಔಷಧಿ ಅಂಗಡಿಯವರು ಕೊಟ್ಟ ಮಾತ್ರೆಯನ್ನು ನಾಲ್ಕು ತಿಂಗಳಿಂದ ನುಂಗುತ್ತಿದ್ದೇನೆ. ಕುತ್ತಿಗೆಯ ಎಂಆರ್‌ಐ ಮಾಡಿಸಿದರೆ ಡಿಸ್ಕ್ ಉಬ್ಬಿದೆ ಎಂದು ಬಂತು. ನಮ್ಮ ಮಾವನವರಿಗೆ ಲಕ್ವ ಹೊಡೆದಿತ್ತು. ನನಗೂ ಅದೇ ಶುರುವಾಗಿದೆಯಾ? ಹೊಲಿಗೆ ಬಿಡಬೇಕಾ?

ಉತ್ತರ: ಮೊದಲು ನಿಮ್ಮ ಭಯಕ್ಕೆ ಉತ್ತರ ಹೇಳಿಬಿಡುತ್ತೇನೆ. ಲಕ್ವ ಹೀಗೆ ಒಂದು ವರ್ಷ ರಾತ್ರಿ ಬಂದು ಬೆಳಿಗ್ಗೆ ಹೋಗುವ ಕಾಯಿಲೆಯಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಲಕ್ವ ಹೊಡೆಯುತ್ತದೆ. ಅದು ಬರುವುದು ನಿಮಿಷಗಳ ಲೆಕ್ಕದಲ್ಲಿ, ಸಾಮಾನ್ಯವಾಗಿ ದೇಹದ ಒಂದೇ ಪಕ್ಕಕ್ಕೆ. ಹಲ್ಲುಜ್ಜುತ್ತಿದ್ದವರ ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆ, ಎತ್ತಿದ ಕೈ ತಾನಾಗಿ ಕೆಳಗಿಳಿಯುತ್ತದೆ, ಮಾತು ತೊದಲುತ್ತದೆ. ನೀವು ಬರೆದಿರುವುದರಲ್ಲಿ ಇದ್ಯಾವುದೂ ಇಲ್ಲ. ನಿಮ್ಮ ತೊಂದರೆ ಮಿದುಳಿನಲ್ಲಿ ಶುರುವಾದಂತೆ ಕಾಣುವುದಿಲ್ಲ. ಮಣಿಕಟ್ಟಿನಲ್ಲೂ ಪಾದದ ನರಗಳಲ್ಲೂ ಶುರುವಾದಂತಿದೆ. ನಿಮಗೆ ಇರುವುದು ಒಂದಲ್ಲ, ಬಹುಶಃ ಎರಡು ಬೇರೆ ಬೇರೆ ತೊಂದರೆಗಳು ಎನ್ನುವುದು ನನ್ನ ಅಂದಾಜು. ಎರಡನ್ನೂ ಒಂದೇ ಗಂಟು ಕಟ್ಟಿ ‘ನರದ ವೀಕ್‌ನೆಸ್’ ಎಂದು ಹೆಸರಿಟ್ಟದ್ದರಿಂದಲೇ ನಿಮ್ಮ ನಾಲ್ಕು ತಿಂಗಳು ಹೋಗಿವೆ. ಆ ಹೆಸರಿನ ಕಾಯಿಲೆ ನಮ್ಮ ಯಾವ ಪಠ್ಯದಲ್ಲೂ ಇಲ್ಲ.

ನಮ್ಮ ಕಡೆ ರೋಗಿಗಳು ‘ಜೋಮು’ ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಸಂಗತಿಗಳನ್ನು ಹೇಳುತ್ತಾರೆ. ಜುಮುಜುಮು ಎನ್ನುವುದು, ಇರುವೆ ಹರಿಯುವುದು, ಉರಿಯುವುದು ಒಂದು: ನರ ಇನ್ನೂ ಜೀವಂತವಾಗಿದೆ, ಆದರೆ ತಪ್ಪು ಸುದ್ದಿ ಕಳಿಸುತ್ತಿದೆ. ಮರಗಟ್ಟುವುದು ಎರಡನೆಯದು: ಮುಟ್ಟಿದರೂ ಚುಚ್ಚಿದರೂ ತಿಳಿಯದು, ಅಂದರೆ ನರ ಸುದ್ದಿಯನ್ನೇ ಕಳಿಸುತ್ತಿಲ್ಲ. ಮೂರನೆಯದು ಶಕ್ತಿ ಹೋಗುವುದು: ಸ್ಪರ್ಶವೆಲ್ಲ ಸರಿಯಾಗಿ ತಿಳಿಯುತ್ತದೆ, ಆದರೆ ಎತ್ತಬೇಕೆಂದರೆ ಕೈ ಏಳದು. ಸೂಜಿ ಜಾರುವುದಕ್ಕೆ ಎರಡನೆಯದೂ ಕಾರಣವಾಗಬಹುದು, ಮೂರನೆಯದೂ ಆಗಬಹುದು. ಬೆರಳ ತುದಿಗೆ ಸೂಜಿ ಇರುವುದೇ ತಿಳಿಯದಿದ್ದರೂ ಅದು ಬೀಳುತ್ತದೆ. ತಿಳಿದೂ ಹಿಡಿತ ಸಾಲದಿದ್ದರೂ ಬೀಳುತ್ತದೆ. ಹೀಗಾಗಿ ‘ಜೋಮು’ ಎಂದವರನ್ನು ನಾನು ಮೊದಲು ಕೇಳುವುದು ಇದನ್ನೇ: ಮೂರರಲ್ಲಿ ಯಾವುದು, ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ದಿನದಲ್ಲಿ ಏರಿತು?

‘ಎಲ್ಲಿ’ ಎಂಬ ಪ್ರಶ್ನೆಗೆ ನಾನು ಬಾಯಿಮಾತಿನ ಉತ್ತರ ತಗೊಳ್ಳುವುದಿಲ್ಲ, ಕೈಗೆ ಒಂದು ಪೆನ್ನು ಕೊಡುತ್ತೇನೆ. ಬಂದವರೆಲ್ಲ “ಇಡೀ ಕೈ ಸಾರ್” ಎನ್ನುತ್ತಾರೆ. ರಾತ್ರಿ ಎಚ್ಚರವಾದಾಗ ಲೈಟ್ ಹಾಕಿ, ಜೋಮು ಇರುವ ಜಾಗಕ್ಕೆ ಮಾತ್ರ ಗೆರೆ ಎಳೆದುಕೊಂಡು ಬನ್ನಿ ಎನ್ನುತ್ತೇನೆ. ಮರುವಾರ ಬಂದಾಗ ಅಂಗೈ ಮೇಲೆ ಮಾಸಿದ ಶಾಯಿ ಇರುತ್ತದೆ: ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ಅರ್ಧ. ಕಿರುಬೆರಳು ಖಾಲಿ. ಉಂಗುರ ಬೆರಳನ್ನು ಉದ್ದಕ್ಕೆ ಸೀಳಿದ ಹಾಗೆ ಮಧ್ಯದ ಬೆರಳಿನ ಕಡೆಯ ಅರ್ಧಕ್ಕೆ ಜೋಮು, ಇನ್ನರ್ಧಕ್ಕೆ ಇಲ್ಲ. ಇದನ್ನು ರೋಗಿ ಕಲ್ಪಿಸಿಕೊಂಡು ಬರೆಯಲು ಸಾಧ್ಯವಿಲ್ಲ. ಮೀಡಿಯನ್ ನರದ ಹದ್ದುಬಸ್ತೇ ಅದು.

ಈ ನರ ಅಂಗೈಗೆ ಬರುವುದು ಮಣಿಕಟ್ಟಿನಲ್ಲಿರುವ ಒಂದು ಇಕ್ಕಟ್ಟಾದ ಸುರಂಗದ ಮೂಲಕ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳೂ ಅದೇ ದಾರಿಯಲ್ಲಿ ಹೋಗಬೇಕು. ಅಲ್ಲಿ ಸ್ವಲ್ಪ ಊತ ಬಂದರೂ ನರ ಅದುಮಿಕೊಳ್ಳುತ್ತದೆ. ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುವುದು ಇದಕ್ಕೇ. ನಿದ್ದೆಯಲ್ಲಿ ನಾವು ಮಣಿಕಟ್ಟು ಮಡಚಿ ಮಲಗುತ್ತೇವೆ, ಸುರಂಗ ಇನ್ನಷ್ಟು ಕಿರಿದಾಗುತ್ತದೆ. ಹಾಗಾಗಿ ತೊಂದರೆ ರಾತ್ರಿಯೇ ಹೆಚ್ಚು. ಕೈ ಝಾಡಿಸಿದರೆ ಹಗುರಾಗುವುದು ಇದರ ಗುರುತು. ಅದನ್ನು ನೀವು ನಾನು ಕೇಳುವ ಮೊದಲೇ ಬರೆದಿದ್ದೀರಿ. ಬಟ್ಟೆ ಹಿಂಡುವವರು, ಹಿಟ್ಟು ನಾದುವವರು, ಬೀಡಿ ಕಟ್ಟುವವರು, ದಿನವಿಡೀ ಕತ್ತರಿ ಹಿಡಿಯುವವರಲ್ಲಿ ಇದನ್ನು ಬಹಳ ನೋಡುತ್ತೇವೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕಡಿಮೆ ಇರುವುದು, ಬಸಿರು, ಕೀಲುವಾತ ಇವೂ ಇದಕ್ಕೆ ದಾರಿ ಮಾಡುತ್ತವೆ. ನಿಮ್ಮಲ್ಲಿ ಕಸುಬೂ ಇದೆ, ಸಕ್ಕರೆಯೂ ಇದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎರಡೂ ಕೈಗಳ ಹಿಂಭಾಗವನ್ನು ಎದೆಯ ಮುಂದೆ ಒಂದಕ್ಕೊಂದು ಒತ್ತಿ, ಬೆರಳು ನೆಲ ನೋಡುವ ಹಾಗೆ, ಒಂದು ನಿಮಿಷ ಹಿಡಿಯಿರಿ. ಆ ಮೂರೂವರೆ ಬೆರಳಿಗೆ ಜೋಮು ಬಂದರೆ ಅನುಮಾನ ಬಲವಾಗುತ್ತದೆ. ಆಮೇಲೆ ಬೆಳಕಿನಲ್ಲಿ ಎರಡೂ ಅಂಗೈ ಪಕ್ಕಪಕ್ಕ ಇಟ್ಟು ಹೆಬ್ಬೆರಳ ಬುಡದ ಮಾಂಸದ ಉಬ್ಬನ್ನು ನೋಡಿ. ಬಲಗೈಯದು ತಗ್ಗಾಗಿ, ಚಪ್ಪಟೆಯಾಗಿ ಕಂಡರೆ ಸ್ನಾಯು ಕರಗುತ್ತಿದೆ ಎಂದರ್ಥ. ಬರೀ ಜೋಮು ಇದ್ದಾಗ ಸಾವಕಾಶ ಚಿಕಿತ್ಸೆ ಮಾಡಬಹುದು, ಮಾಂಸ ಕರಗಲು ಶುರುವಾದ ಮೇಲೆ ತಡ ಮಾಡಬಾರದು. ನರ ಮತ್ತೆ ಬೆಳೆಯುವ ವೇಗ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಬಹಳ ಕಾಲ ನರದ ಸಂಪರ್ಕ ಇಲ್ಲದೆ ಕರಗಿದ ಸ್ನಾಯು ನರ ಬಂದು ಮುಟ್ಟಿದ ಮೇಲೂ ಪೂರ್ತಿ ಚೇತರಿಸಿಕೊಳ್ಳದಿರಬಹುದು.

ಕಿರುಬೆರಳು ಮತ್ತು ಅದರ ಪಕ್ಕದ ಅರ್ಧ ಬೆರಳಿಗೆ ಜೋಮು ಬರುವವರ ಕಥೆ ಬೇರೆ. ಅಲ್ಲಿ ಅಲ್ನರ್ ನರ ಮೊಣಕೈ ಹಿಂದೆ ಒತ್ತಿಕೊಂಡಿರುತ್ತದೆ. ಮೇಜಿಗೆ ಮೊಣಕೈ ಊರಿ ಕೂರುವವರು, ಗಂಟೆಗಟ್ಟಲೆ ಮೊಣಕೈ ಮಡಚಿ ಫೋನ್ ಹಿಡಿಯುವವರು ಅದನ್ನು ಗಮನಿಸಬೇಕು.

ಈಗ ನಿಮ್ಮ ಎಂಆರ್‌ಐ. ನಲವತ್ತು ದಾಟಿದವರ ಕುತ್ತಿಗೆಯನ್ನು ಸ್ಕ್ಯಾನ್ ಮಾಡಿದರೆ ಯಾವ ನೋವೂ ಇಲ್ಲದ ಬಹಳ ಜನರಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಅದು ತಲೆಗೂದಲು ನರೆತ ಹಾಗೆ ವಯಸ್ಸಿನ ಗುರುತು. ಕುತ್ತಿಗೆಯಲ್ಲಿ ನರ ನಿಜವಾಗಿ ಒತ್ತಿಕೊಂಡಿದ್ದರೆ ನೋವು ಕುತ್ತಿಗೆಯಿಂದ ಹೆಗಲಿಗೆ, ತೋಳಿಗೆ ಇಳಿಯುತ್ತದೆ, ಕತ್ತು ತಿರುಗಿಸಿದರೆ ಹೆಚ್ಚುತ್ತದೆ, ಕೈ ಝಾಡಿಸಿದರೆ ಹೋಗುವುದಿಲ್ಲ. ಬೆನ್ನುಹುರಿಯೇ ಒತ್ತಿಕೊಂಡಿದ್ದರೆ ಇನ್ನೂ ಬೇರೆ: ಎರಡೂ ಕೈಗೆ ಗುಂಡಿ ಹಾಕಲು ಬಾರದಂತಾಗುತ್ತದೆ, ಕಾಲು ಬಿಗಿಯಾಗಿ ನಡಿಗೆ ಎಡವುತ್ತದೆ, ಮೂತ್ರ ತಡೆಯಲಾಗುವುದಿಲ್ಲ. ಇಂಥವು ನಿಮಗಿದ್ದರೆ ಮಾತ್ರ ಆ ಫಿಲ್ಮ್‌ಗೆ ಬೆಲೆ. ಇಲ್ಲದಿದ್ದರೆ ಅದನ್ನು ಎತ್ತಿಡಿ. ಸ್ಕ್ಯಾನ್ ನೋಡಿ ಕಾಯಿಲೆ ಹುಡುಕುವುದು ತಲೆಕೆಳಗಾದ ಕೆಲಸ. ಮೊದಲು ಕೈ ನೋಡಬೇಕು.

ಕಾಲಿಗೆ ಬರೋಣ. ಎರಡೂ ಅಂಗಾಲು ಉರಿಯುತ್ತವೆ ಎಂದು ಬರೆದಿದ್ದೀರಿ. ಆ ‘ಎರಡೂ’ ಎನ್ನುವುದು ಮುಖ್ಯ. ಒಂದು ಜಾಗದಲ್ಲಿ ಒತ್ತಡ ಬಿದ್ದರೆ ಒಂದು ಕಾಲು ಕೆಡುತ್ತದೆ. ರಕ್ತದಲ್ಲೇ ಏನೋ ಹೆಚ್ಚುಕಮ್ಮಿಯಾದಾಗ ಎರಡೂ ಕೆಡುತ್ತವೆ. ಸೊಂಟದಿಂದ ಕಾಲ್ಬೆರಳ ತುದಿಯವರೆಗೆ ಹೋಗುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ. ದೇಹದಲ್ಲಿ ಅಷ್ಟು ಉದ್ದದ ಎಳೆ ಬೇರೆಲ್ಲೂ ಇಲ್ಲ, ಅದಕ್ಕೇ ಮೊದಲ ಪೆಟ್ಟು ಅದಕ್ಕೆ. ಬೆರಳ ತುದಿಯಲ್ಲಿ ಶುರುವಾಗಿ ಕಾಲುಚೀಲ ಹಾಕಿಕೊಂಡ ಹಾಗೆ ಮೇಲೇರುತ್ತದೆ. ಅದು ಮೊಣಕಾಲ ಹತ್ತಿರ ಬರುವ ಹೊತ್ತಿಗೆ ಕೈಬೆರಳಿಗೂ ಶುರುವಾಗುತ್ತದೆ. ನಿಮ್ಮ ಕೈ ಜೋಮು ಕಾಲಿಗಿಂತ ಆರು ತಿಂಗಳು ಮೊದಲೇ ಬಂದಿದೆ, ಅದೂ ಒಂದೇ ಕೈಗೆ. ನಾನು ಎರಡು ತೊಂದರೆ ಎಂದದ್ದು ಇದಕ್ಕೇ.

ಅಂಗಾಲಿನ ಉರಿಗೆ ನಿಮ್ಮಲ್ಲಿ ಎರಡು ಕಾರಣಗಳು ಸೇರಿರಬಹುದು. ಒಂದು ಸಕ್ಕರೆ. ಇನ್ನೊಂದು ವಿಟಮಿನ್ ಬಿ12 ಕೊರತೆ. ಇದು ಸೊಪ್ಪು, ಕಾಳು, ತರಕಾರಿಯಲ್ಲಿ ಸಿಗುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು ಮೊಸರಿನಿಂದ ಬರುವಷ್ಟೇ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಕರುಳು ಅದನ್ನು ಹೀರಿಕೊಳ್ಳುವುದು ಇನ್ನೂ ಕಡಿಮೆಯಾಗುತ್ತದೆ, ದಿನಾ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರಲ್ಲೂ ಹಾಗೇ. ಹಾಗೆಂದು ಮೆಟ್‌ಫಾರ್ಮಿನ್ ನೀವಾಗಿ ನಿಲ್ಲಿಸಬೇಡಿ, ಅದು ನಿಮ್ಮ ಮಿತ್ರ. ಕೊರತೆ ಇದ್ದರೆ ತುಂಬಿಕೊಂಡರಾಯಿತು. ಬಿ12 ಕೊರತೆ ಪಾದದ ನರವನ್ನಷ್ಟೇ ಅಲ್ಲ, ಬೆನ್ನುಹುರಿಯನ್ನೂ ಕೆಡಿಸಬಲ್ಲದು. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ಮೈ ತೂರಾಡುತ್ತದೆಯಾ? ಕರೆಂಟ್ ಹೋದಾಗ ನಡೆಯಲು ಗೋಡೆ ಹಿಡಿಯಬೇಕಾಗುತ್ತದೆಯಾ? ಹೌದಾದರೆ ಮುಂದಿನ ತಿಂಗಳಿನವರೆಗೆ ಕಾಯದೆ ಈ ವಾರವೇ ಹೋಗಿ.

ನೀವು ನುಂಗುತ್ತಿರುವ ಮಾತ್ರೆಯ ಬಗ್ಗೆ ಒಂದು ಮಾತು. ಅಂಥ ಬಹಳಷ್ಟು ಮಾತ್ರೆಗಳಲ್ಲಿ ಬಿ12 ಇರುತ್ತದೆ. ನಾಲ್ಕು ತಿಂಗಳು ಅದನ್ನು ತಗೊಂಡ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ಧಾರಾಳವಾಗಿದೆ ಎಂದು ರಿಪೋರ್ಟ್ ಬರಬಹುದು. ಮೊದಲು ಕೊರತೆ ಇತ್ತೋ ಇಲ್ಲವೋ ಆಮೇಲೆ ಹೇಳುವುದು ಕಷ್ಟ. ರಕ್ತ ಕೊಟ್ಟು ಮಾತ್ರೆ ಶುರು ಮಾಡಬೇಕಿತ್ತು, ಈಗ ಆದದ್ದಾಯಿತು. ಮಾತ್ರೆಯ ಖಾಲಿ ಪಟ್ಟಿಯನ್ನು ತಪ್ಪದೆ ಡಾಕ್ಟರಿಗೆ ತೋರಿಸಿ. ಅದರ ಮೇಲೆ ಬಿ6, ಅಂದರೆ ಪಿರಿಡಾಕ್ಸಿನ್, ಎಷ್ಟು ಮಿಲಿಗ್ರಾಂ ಎಂದೂ ನೋಡಿ. ದಿನಕ್ಕೆ 100 ಮಿಲಿಗ್ರಾಂಗಿಂತ ಹೆಚ್ಚು ಬಿ6 ಅನ್ನು ತಿಂಗಳುಗಟ್ಟಲೆ ತಗೊಂಡರೆ ಅದೇ ನರವನ್ನು ಹಾಳು ಮಾಡಬಲ್ಲದು. ಕೆಲವರಲ್ಲಿ ಅದಕ್ಕಿಂತ ಕಡಿಮೆಯಲ್ಲೂ. ನರಕ್ಕೆಂದು ತಿಂದ ಮಾತ್ರೆಯಿಂದ ಕಾಲು ಮರಗಟ್ಟಿಸಿಕೊಂಡು ಬಂದವರನ್ನು ನೋಡಿ ನನಗೆ ಸಂಕಟವಾಗಿದೆ. ಟಿಬಿಗೆ ಐಸೋನಿಯಜಿಡ್ ತಗೊಳ್ಳುವವರಿಗೆ ಡಾಕ್ಟರು ಬರೆದಷ್ಟು ಬಿ6 ಬೇಕೇ ಬೇಕು, ಅವರು ಇದನ್ನು ಓದಿ ನಿಲ್ಲಿಸಬಾರದು. ಹಾಗೆಯೇ ರಕ್ತ ಕಡಿಮೆ ಎಂದು ಬರೀ ಫೋಲಿಕ್ ಆಸಿಡ್ ತಗೊಂಡರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ಬಿ12 ಕೊರತೆಯಿಂದ ನರ ಕೆಡುವುದು ಒಳಗೊಳಗೇ ಮುಂದುವರಿಯುತ್ತದೆ.

ಉರಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಉರಿ ನಿಂತುಹೋಗುವುದು. ಒಮ್ಮೆ ಒಬ್ಬ ಅಜ್ಜ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಒಳಗೆ ಬಂದರು. ಇನ್ನೊಂದು ಹೊರಗೆ ವರಾಂಡದಲ್ಲಿ ಕಳಚಿ ಬಿದ್ದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. “ಮೊದಲು ಬಹಳ ಉರೀತಿತ್ತು, ಈಗ ಆರಾಮ್ ಐತ್ರಿ” ಎಂದರು. ಅಂಗಾಲು ತಿರುಗಿಸಿ ನೋಡಿದರೆ ಹಿಮ್ಮಡಿಯಲ್ಲಿ ಒಂದು ಮುಳ್ಳು ಮುರಿದು, ಸುತ್ತ ಕೀವು ಕಟ್ಟಿತ್ತು. ಎಷ್ಟು ದಿನದ್ದೋ ಅವರಿಗೆ ತಿಳಿಯದು. ಉರಿ ತಾನಾಗಿ ನಿಂತರೆ ನರ ವಾಸಿಯಾಗಿರಬಹುದು, ಇಲ್ಲವೇ ಪೂರ್ತಿ ಸತ್ತಿರಬಹುದು. ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. 10 ಗ್ರಾಂ ಒತ್ತಡ ಕೊಡುವ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ, ತಿಳಿಯುತ್ತದಾ ಎಂದು ಕೇಳುವುದೇ ಆ ಪರೀಕ್ಷೆ. ಎರಡು ನಿಮಿಷದ ಕೆಲಸ. ಸಕ್ಕರೆ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಆಗಬೇಕು, ಡಾಕ್ಟರು ಮರೆತರೆ ನೀವೇ ಕೇಳಿ. ದಿನಾ ರಾತ್ರಿ ಕಾಲು ತೊಳೆದು ಒರೆಸಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಉರಿ ಕಡಿಮೆಯಾಗಲಿ ಎಂದು ಬಿಸಿನೀರಿನಲ್ಲಿ ಕಾಲು ಇಡಬೇಡಿ. ಕಾಲಿಗೆ ಬಿಸಿ ತಿಳಿಯದಿದ್ದಾಗ ಚರ್ಮ ಬೆಂದು ಬೊಬ್ಬೆ ಎದ್ದ ಮೇಲಷ್ಟೇ ಗೊತ್ತಾಗುತ್ತದೆ. ದೇವಸ್ಥಾನಕ್ಕೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಕಾದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಬೇಡ.

ನಿಮಗೆ ನೇರ ಸಂಬಂಧಿಸದ ಕೆಲವು ಮಾತುಗಳನ್ನು ಇದೇ ಅಂಕಣ ಓದುವ ಬೇರೆಯವರಿಗಾಗಿ ಹೇಳಲೇಬೇಕು.

ಜೋಮಿಲ್ಲದೆ ಬರೀ ಶಕ್ತಿ ಹೋಗುವುದು ಇನ್ನೊಂದು ದಾರಿ. ನೆಲದಿಂದ ಏಳಲು ತೊಡೆಗೆ ಕೈ ಊರಬೇಕು, ಮೇಲಿನ ಅಟ್ಟದ ಡಬ್ಬ ಇಳಿಸಲಾಗದು, ತಲೆ ಬಾಚಲು ಕೈ ಏಳದು ಎನ್ನುವವರಲ್ಲಿ ಸಾಮಾನ್ಯವಾಗಿ ಕೆಟ್ಟಿರುವುದು ನರವಲ್ಲ, ಸ್ನಾಯು. ವಿಟಮಿನ್ ಡಿ ಕೊರತೆ, ಥೈರಾಯ್ಡ್, ಕೊಲೆಸ್ಟರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆ, ಸ್ನಾಯುವಿನ ಉರಿಯೂತ ಇವನ್ನು ಹುಡುಕುತ್ತೇವೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆಗೆ ರೆಪ್ಪೆ ಜೋತುಬಿದ್ದು, ಊಟ ಅಗಿಯುತ್ತಾ ದವಡೆ ಸೋಲುವವರದು ಮಯಸ್ತೇನಿಯಾ, ಅಂದರೆ ನರದ ಸುದ್ದಿ ಸ್ನಾಯುವಿಗೆ ಸರಿಯಾಗಿ ದಾಟದ ಕಾಯಿಲೆ, ಇರಬಹುದು. ಅದಕ್ಕೆ ಒಳ್ಳೆಯ ಔಷಧವಿದೆ. ಕಳೆ ಕೀಳುತ್ತಾ ಇಡೀ ದಿನ ಕುಕ್ಕರುಗಾಲಿನಲ್ಲಿ ಕೂತವರು ಮರುದಿನ ಒಂದು ಪಾದ ಮೇಲೆತ್ತಲಾಗದೆ ನೆಲಕ್ಕೆ ತಟ್ಟುತ್ತಾ ನಡೆಯುತ್ತಾರೆ. ಮಂಡಿಯ ಹೊರಬದಿಯಲ್ಲಿ ನರ ಅದುಮಿಹೋಗಿರುತ್ತದೆ. ಹಾಗೆ ಕೂರುವುದನ್ನು ಬಿಟ್ಟರೆ ಹೆಚ್ಚಿನವರದು ವಾರ, ತಿಂಗಳುಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಮೈಮೇಲೆ ಬಣ್ಣ ಮಾಸಿದ ಮಚ್ಚೆ ಇದ್ದು, ಅಲ್ಲಿ ಹತ್ತಿಯ ಎಳೆ ಮುಟ್ಟಿಸಿದರೂ ತಿಳಿಯದಿದ್ದರೆ ಕುಷ್ಠರೋಗ ಇರಬಹುದು. ಅದು ಹೋಗೇಬಿಟ್ಟಿದೆ ಎಂದು ಬಹಳ ಜನ ತಿಳಿದಿದ್ದಾರೆ. ಜಗತ್ತಿನ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವತ್ತಿಗೂ ಭಾರತದವೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧ ಉಚಿತ. 6 ಅಥವಾ 12 ತಿಂಗಳು ತಗೊಂಡರೆ ಪೂರ್ತಿ ವಾಸಿಯಾಗುತ್ತದೆ. ಆದರೆ ತಡಮಾಡಿ ಬಂದರೆ ಮರಗಟ್ಟಿದ ಬೆರಳು ಮರಳುವುದಿಲ್ಲ. ನಾಚಿಕೆಪಟ್ಟು ಮಚ್ಚೆ ಮುಚ್ಚಿಕೊಂಡು ಕೂರಬೇಡಿ.

ಇನ್ನು ಕಾಯಬಾರದವು. ಮೇಲೆ ಹೇಳಿದ ಲಕ್ವದ ಲಕ್ಷಣ ಕಂಡರೆ 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಿಗುವ ಸಮಯ ನಾಲ್ಕೂವರೆ ಗಂಟೆ. ಎಣ್ಣೆ ಹಚ್ಚಿಸಲು, ನಾಟಿ ಔಷಧಕ್ಕೆಂದು ಊರೂರು ಅಲೆದರೆ ಆ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಹತ್ತು ನಿಮಿಷದಲ್ಲಿ ಸರಿಹೋಯಿತು ಎಂದು ಮನೆಯಲ್ಲಿ ಮಲಗುವುದೂ ತಪ್ಪು. ಅದು ದೊಡ್ಡ ಹೊಡೆತದ ಮುನ್ಸೂಚನೆ ಇರಬಹುದು. ಭೇದಿ ಅಥವಾ ಜ್ವರ ಬಂದು ಹೋದ ಒಂದೆರಡು ವಾರದಲ್ಲಿ ಪಾದದಿಂದ ಜೋಮು ಶುರುವಾಗಿ, ದಿನದಿಂದ ದಿನಕ್ಕೆ ಶಕ್ತಿ ಹೋಗುತ್ತಾ ಮೇಲೇರಿದರೆ ಅದು ಗಿಯಾನ್ ಬಾರೆ ಸಿಂಡ್ರೋಮ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ನರಗಳ ಮೇಲೆ ಬೀಳುವ ಕಾಯಿಲೆ, ಇರಬಹುದು. 2025ರ ಜನವರಿಯಲ್ಲಿ ಪುಣೆಯಲ್ಲಿ ನೂರಕ್ಕೂ ಹೆಚ್ಚು ಜನರಿಗೆ ಒಟ್ಟಿಗೇ ಬಂದದ್ದು ಇದೇ. ಉಸಿರಾಡುವ ಸ್ನಾಯುವಿಗೆ ತಲುಪುವ ಮೊದಲೇ ಐಸಿಯು ಇರುವ ಆಸ್ಪತ್ರೆ ಸೇರಬೇಕು. ರಾತ್ರಿ ಮದುವೆ ಊಟ ಮಾಡಿ ಮಲಗಿದ ಯುವಕನಿಗೆ ಬೆಳಿಗ್ಗೆ ಕಾಲೇ ಎತ್ತಲಾಗದಿದ್ದರೆ ರಕ್ತದ ಪೊಟ್ಯಾಸಿಯಂ ಕುಸಿದಿರಬಹುದು, ಆಸ್ಪತ್ರೆಯಲ್ಲಿ ಕೆಲವೇ ಗಂಟೆಗಳಲ್ಲಿ ಎದ್ದು ನಡೆಯುತ್ತಾನೆ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ರೆಪ್ಪೆ ಜೋತುಬಿದ್ದು ಮಾತು ತೊದಲುತ್ತಾ ಎದ್ದರೆ ಕಟ್ಟು ಹಾವಿನ ಕಡಿತವನ್ನು ಮರೆಯಬೇಡಿ. ಅದಕ್ಕೆ ನೋವೂ ಇರುವುದಿಲ್ಲ, ಗಾಯವೂ ಸರಿಯಾಗಿ ಕಾಣುವುದಿಲ್ಲ. ಸೊಂಟನೋವಿನವರಿಗೆ ಕೂರುವ ಜಾಗವೇ ಮರಗಟ್ಟಿ ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆ.

ಮತ್ತೆ ನಿಮ್ಮ ವಿಷಯ. ತಾಲ್ಲೂಕು ಆಸ್ಪತ್ರೆಯಲ್ಲಿ ಹೆಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಟಿಎಸ್‌ಹೆಚ್ (ಥೈರಾಯ್ಡ್), ಬಿ12, ರಕ್ತದ ಎಣಿಕೆ, ಕ್ರಿಯಾಟಿನಿನ್ (ಮೂತ್ರಪಿಂಡ) ಮಾಡಿಸಿ. ಆಮೇಲೆ ನರತಜ್ಞರ ಹತ್ತಿರ ಕೈಕಾಲುಗಳ ನರ್ವ್ ಕಂಡಕ್ಷನ್ ಪರೀಕ್ಷೆ ಒಂದು ಸಾಕು. ಸಣ್ಣಗೆ ಕರೆಂಟು ಹೊಡೆದಂತಾಗುತ್ತದೆ, ತಡೆದುಕೊಳ್ಳುವಂಥದ್ದೇ. ನರ ಮಣಿಕಟ್ಟಿನಲ್ಲಿ ಎಷ್ಟು ಒತ್ತಿದೆ, ಕಾಲಿನದು ಎಷ್ಟು ಕೆಟ್ಟಿದೆ ಎರಡೂ ಅದರಲ್ಲಿ ತಿಳಿಯುತ್ತದೆ. ಬಿ12 ಕಡಿಮೆ ಇದ್ದರೆ ಇಂಜೆಕ್ಷನ್ ಕೊಡುತ್ತಾರೆ, ಮೊದಲು ಅಡಿಗಡಿಗೆ, ಆಮೇಲೆ ತಿಂಗಳಿಗೊಮ್ಮೆ. ಉರಿ ಕಡಿಮೆ ಮಾಡಲು ಪ್ರೆಗಾಬಾಲಿನ್, ಡ್ಯುಲಾಕ್ಸೆಟಿನ್ ಥರದ ಮಾತ್ರೆ ಕೊಡಬಹುದು. ಅವು ನಿದ್ದೆ ತರಿಸುತ್ತವೆ, ಉರಿ ತಗ್ಗಿಸುತ್ತವೆ, ನರವನ್ನು ರಿಪೇರಿ ಮಾಡುವುದಿಲ್ಲ. ಸಕ್ಕರೆ ಹತೋಟಿಗೆ ತರುವ ಕೆಲಸ ಅದರ ಜೊತೆಗೇ ನಡೆಯಬೇಕು.

ಕೈಗೆ ಇವತ್ತಿನಿಂದಲೇ ಮಾಡಬಹುದಾದದ್ದು, ರಾತ್ರಿ ಮಣಿಕಟ್ಟು ನೇರವಾಗಿಡುವ ಸ್ಪ್ಲಿಂಟ್ ಕಟ್ಟಿ ಮಲಗುವುದು. ಬಿಗಿ ಮಾಡಬೇಡಿ, ಕೈ ಮಡಚದಿದ್ದರೆ ಸಾಕು. ಆರು ವಾರ ಬಿಡದೆ ಕಟ್ಟಿ ನೋಡಿ. ಬಹಳ ಜನಕ್ಕೆ ರಾತ್ರಿ ನಿದ್ದೆ ಮರಳುವುದು ಇಷ್ಟರಲ್ಲೇ. ಸಾಲದಿದ್ದರೆ ಸುರಂಗಕ್ಕೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್. ಅದರಿಂದ ಕೆಲವು ದಿನ ನಿಮ್ಮ ಸಕ್ಕರೆ ಏರುತ್ತದೆ, ಹೇಳಿಯೇ ತಗೊಳ್ಳಿ. ಹೆಬ್ಬೆರಳ ಬುಡ ಕರಗಿದ್ದರೆ ಆಪರೇಷನ್. ಕೈಗಷ್ಟೇ ಮರಗಟ್ಟಿಸಿ ಮಾಡುವ ಸಣ್ಣ ಆಪರೇಷನ್, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ.

ಹೊಲಿಗೆ ಬಿಡಬೇಕಿಲ್ಲ. ಸ್ಪ್ಲಿಂಟ್ ಕಟ್ಟುವ ಈ ಆರು ವಾರ ಕತ್ತರಿಸುವ ಕೆಲಸವನ್ನು ಬೇರೆಯವರಿಂದ ಮಾಡಿಸಿ, ಏಕೆಂದರೆ ಮಣಿಕಟ್ಟು ಹೆಚ್ಚು ದಣಿಯುವುದು ಮಷಿನ್ ತುಳಿಯುವಾಗಲ್ಲ, ದಪ್ಪ ಬಟ್ಟೆಗೆ ಕತ್ತರಿ ಹಾಕುವಾಗ. ಕತ್ತರಿ ಮೊಂಡಾಗಿದ್ದರೆ ಸಾಣೆ ಹಿಡಿಸಿ. ಹುಕ್ಕು ಹಚ್ಚುವಾಗ ಅರ್ಧ ಗಂಟೆಗೊಮ್ಮೆ ಸೂಜಿ ಇಟ್ಟು ಕೈ ಬಿಚ್ಚಿ. ರೊಟ್ಟಿ ಹಿಟ್ಟನ್ನು ಮನೆಯಲ್ಲಿ ಇನ್ನೊಬ್ಬರು ನಾದಲಿ, ಬಡಿಯುವುದು ಬೇಕಾದರೆ ನೀವು ಬಡಿಯಿರಿ. ಕೆಳಗೆ ಬಿದ್ದ ಸೂಜಿಯನ್ನು ಮಾತ್ರ ಅಲ್ಲೇ ಹುಡುಕಿ ತೆಗೆಯಿರಿ, ಮಷಿನ್ ಹತ್ತಿರ ಬರಿಗಾಲಲ್ಲಿ ಓಡಾಡಬೇಡಿ. ನಿಮ್ಮ ಅಂಗಾಲಿಗೆ ಅದು ಚುಚ್ಚಿದ್ದು ತಿಳಿಯದೆ ಹೋಗಬಹುದು.